ಮಾಸ್ತಮ್ಮನನ್ನು ಎಡಕ್ಕೆ ಬಿಟ್ಟ ಲಾರಿ

ಹುಣಸೂರು
೯ ನವೆಂಬರ್ ೧೯೪೧, ಭಾನುವಾರ

ಪ್ರೀತಿಯ ದೇವಣ್ಣನಿಗೆ ತಮ್ಮ ಗುರುಸ್ವಾಮಿಯ ನಮಸ್ಕಾರ.

ನಾನೂ ಅವ್ವನೂ ಇಲ್ಲಿ ಹೇಗೋ ಇದ್ದೇವೆ. ನೀನು ಅಲ್ಲಿ ಈಜಿಪ್ಟಿನ ಮರಳಿನಲ್ಲಿ ಮಿಲಿಟರಿ ಲಾರಿ ಓಡಿಸಿಕೊಂಡು ಕೈಕಾಲು ನೆಟ್ಟಗೆ ಇಟ್ಟುಕೊಂಡಿದ್ದೀಯೆ ಎಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಆಗಸ್ಟಿನಲ್ಲೇ ಕೈಸೇರಿತು. ಇಷ್ಟು ತಡ ಮಾಡಿದ್ದಕ್ಕೆ ಕೋಪ ಮಾಡಿಕೊಳ್ಳಬೇಡ. ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಕಾಗದ ಹರವಿಕೊಂಡು ಕೂರುತ್ತಿದ್ದೆ. ತಾರೀಖು ಬರೆದು ಎದ್ದುಬಿಡುತ್ತಿದ್ದೆ.

ನಿನ್ನ ಕಾಗದದಲ್ಲಿ ಸೆನ್ಸಾರಿನವರು ಎರಡು ಕಡೆ ಮಸಿ ಬಳಿದಿದ್ದರು. ಕೊನೆಯ ಸಾಲುಗಳನ್ನು ಮಾತ್ರ ಹಾಗೇ ಬಿಟ್ಟಿದ್ದರು. ‘ಡಿಕ್ಕಿಯಲ್ಲಿ ತಪ್ಪು ಯಾರದು, ಲಾರಿಯದೋ ಕಾರಿನದೋ? ಲಾರಿ ಓಡಿಸಿದ ನಿಂಗಯ್ಯನದಾದರೆ, ನನಗೆ ಸ್ಟೀರಿಂಗು ಹಿಡಿಯಲು ಕಲಿಸಿದವನು ಅಂತ ನೋಡುವುದಿಲ್ಲ. ಅಪ್ಪನ ಹೆಣವನ್ನೂ ನೆಟ್ಟಗೆ ಮನೆ ಮುಟ್ಟಿಸದವನನ್ನು ಊರಿಗೆ ಬಂದ ದಿನ ವಿಚಾರಿಸಿಕೊಳ್ಳುತ್ತೇನೆ. ನೀನು ಬರೆಯದಿದ್ದರೆ ಅವ್ವನಿಗೇ ಬರೆದು ಕೇಳುತ್ತೇನೆ. ಲಾರಿಯ ಮೇಲೆ ಕೂತಿದ್ದವಳು ಅವಳೇ ತಾನೆ?’ ಎಂದು ಬರೆದಿದ್ದೀಯೆ.

ಅಣ್ಣ, ಯಾರನ್ನು ಬೇಕಾದರೂ ಕೇಳು, ಅವ್ವನನ್ನು ಮಾತ್ರ ಕೇಳಬೇಡ. ಅದೊಂದಕ್ಕಾಗಿಯೇ ಇವತ್ತು ಹೇಗಾದರೂ ಮಾಡಿ ಈ ಕಾಗದ ಮುಗಿಸಬೇಕೆಂದು ಕೂತಿದ್ದೇನೆ. ಅವಳು ಕಟ್ಟೆಮಳಲವಾಡಿ ಕಡೆಯ ನೆಂಟರ ಮನೆಗೆ ಹೋಗಿದ್ದಾಳೆ, ಹೊತ್ತು ಮುಳುಗುವಷ್ಟರಲ್ಲಿ ಬರುತ್ತಾಳೆ.

ಮಾರ್ಚಿನಲ್ಲಿ ನಾನು ಬರೆದ ಕಾಗದದಲ್ಲಿ ನಾಲ್ಕೇ ಸಾಲು ಇದ್ದವು. ಆಗ ತಿಳಿದಿದ್ದೂ ಅಷ್ಟೇ. ಈಗ ಮೊದಲಿನಿಂದ ಹೇಳುತ್ತೇನೆ.

ಅಪ್ಪ ಈ ವರ್ಷವೂ ಕಂಟ್ರಾಕ್ಟರು ತಿಮ್ಮಯ್ಯನ ಮರ ಎಳೆಸುವ ಕೆಲಸಕ್ಕೆ ಕಾಕನಕೋಟೆಗೆ ಹೋಗಿದ್ದ. ಅವ್ವ ಜೊತೆಗೆ ಹೋಗಿ ಆಳುಗಳಿಗೆ ಹಿಟ್ಟು ಬೇಯಿಸುತ್ತಿದ್ದಳು. ಆವತ್ತು ಬೆಳಿಗ್ಗೆ ಬೀಟೆಯ ದಿಮ್ಮಿಯೊಂದು ಜಾರಿ ಅಪ್ಪನ ಎದೆಗೂ ಕತ್ತಿಗೂ ಬಡಿಯಿತು. ಬಿದ್ದವನು ಅಲುಗಲಿಲ್ಲ. ಮೇಸ್ತ್ರಿ ಮಂಟಯ್ಯ ಅವನ ಮೂಗಿನ ಹತ್ತಿರ ಬೂರುಗದ ಹತ್ತಿಯ ಎಳೆ ಹಿಡಿದು ನೋಡಿದನಂತೆ. ಅದು ಅಲುಗಿದಂತೆ ಯಾರಿಗೂ ಕಾಣಲಿಲ್ಲ. ‘ಓಯ್ತು ಕಣವ್ವ, ಏಳು’ ಎಂದನಂತೆ. ಆಮೇಲೆ ಅಲ್ಲಿದ್ದವರೇ ಸೇರಿ ಹೆಬ್ಬೆರಳು ಕಟ್ಟಿದರು, ಗದ್ದಕ್ಕೆ ಬಟ್ಟೆ ಬಿಗಿದರು. ಸತ್ತವರಿಗೆ ಮಾಡುವುದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದರು.

ತಿಮ್ಮಯ್ಯ ಬಂದು ನೋಡಿ ಅವ್ವನಿಗೆ ನಾಲ್ಕು ಸಮಾಧಾನದ ಮಾತು ಹೇಳಿದನಂತೆ. ಲಾರಿ ಕೇಳಿದ್ದಕ್ಕೆ, ‘ಬರೀ ಎಣಕ್ಕೆ ಲಾರಿ ಬುಡಕಾಯ್ತದಾ? ಮರ ಏರ್ಲಿ, ಮ್ಯಾಲೆ ಮಡೀಕಂಡೋಗಿ’ ಎಂದನಂತೆ. ಮರ ಏರುವ ತನಕ ಅಪ್ಪನನ್ನು ಹೊಂಗೆ ನೆರಳಿನಲ್ಲಿ ಕಂಬಳಿ ಹೊದಿಸಿ ಮಲಗಿಸಿದ್ದರು. ಲಾರಿ ಹೊರಟಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ದಿಮ್ಮಿಗಳ ಮೇಲೆ ಹುಲ್ಲು ಹಾಕಿ ಅಪ್ಪನನ್ನು ಮಲಗಿಸಿ, ಅವ್ವ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ದಿಮ್ಮಿ ಬಿಗಿದ ಸರಪಳಿ ಹಿಡಿದು ಕೂತಳು. ಮುಂದೆ ನಿಂಗಯ್ಯ ಒಬ್ಬನೇ.

ಅಂತರಸಂತೆಯಿಂದ ಊರ ಕಡೆ ಬರುವ ದಾರಿಯಲ್ಲಿ ಮಾಸ್ತಮ್ಮನ ಆಲದಮರ ನಿನಗೆ ನೆನಪಿದೆಯಲ್ಲ? ರಸ್ತೆಯ ನಟ್ಟನಡುವೆ ನಿಂತಿದೆ, ದಾರಿ ಅದರ ಎರಡೂ ಮಗ್ಗುಲಿಗೆ ಒಡೆದು ಮುಂದೆ ಕೂಡಿಕೊಳ್ಳುತ್ತದೆ. ಬುಡದಲ್ಲಿ ಅಮ್ಮನ ಕಲ್ಲು. ಬದುಕಿದವರು ಅಮ್ಮನನ್ನು ಬಲಗೈಗೆ ಬಿಟ್ಟು ಹೋಗಬೇಕು. ರಸ್ತೆಯ ಎಡಕ್ಕೇ ಹೋಗಬೇಕೆಂಬ ಸರ್ಕಾರದ ಕಾನೂನೂ ಅದಕ್ಕೆ ಸರಿಹೋಗುತ್ತದೆ. ಹೆಣ ಮಾತ್ರ ಅಮ್ಮನನ್ನು ಎಡಗೈಗೆ ಬಿಟ್ಟು, ಎದುರಿನವರು ಬರುವ ಮಗ್ಗುಲಿನಲ್ಲಿ ಹೋಗಬೇಕು. ನಮ್ಮ ತಾತನ ಗಾಡಿ ಹಾಗೆ ಹೋಗಿದ್ದನ್ನು ನೀನೇ ನನಗೆ ಹೇಳಿದ್ದೆ. ಆಗ ಗಾಡಿಯ ಮುಂದೆ ತಮಟೆ ಇರುತ್ತಿತ್ತು. ಎದುರಿಗೆ ಬರುವವರು ಸದ್ದು ಕೇಳಿ ದೂರದಲ್ಲೇ ನಿಂತು ತಲೆಯ ಮೇಲಿನ ಬಟ್ಟೆ ತೆಗೆಯುತ್ತಿದ್ದರು. ಲಾರಿಯ ಮುಂದೆ ತಮಟೆ ಬಡಿಯುವವರು ಯಾರು? ಹಾರನ್ನು ಇತ್ತು. ಆದರೆ ಹೆಣ ಬರುತ್ತಿದೆ ಎಂದು ಹಾರನ್ನಿಗೆ ಹೇಳಲು ಬರುವುದಿಲ್ಲ.

ಎದುರಿಗೆ ಬಂದದ್ದು ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿ ಚನ್ನಬಸವಣ್ಣನ ಕಾರು. ಅವನೇ ಓಡಿಸುತ್ತಿದ್ದ. ಬಾಣಂತನ ಮುಗಿದ ತಂಗಿ ಚಿಕ್ಕಬಸಮ್ಮನನ್ನು ಕೂಸಿನ ಜೊತೆ ಅಂತರಸಂತೆಯ ಗಂಡನ ಮನೆಗೆ ಬಿಡಲು ಹೊರಟಿದ್ದ. ಮರದ ಹತ್ತಿರ ಅವನು ವೇಗ ಇಳಿಸಲಿಲ್ಲ. ಇಳಿಸಬೇಕಿತ್ತು ಎಂದು ಅವನೇ ಆಮೇಲೆ ಒಪ್ಪಿಕೊಂಡ. ‘ಹಾರನ್ನು ಕೇಳಿಸಿತು. ಕೇಳಿದರೆ ಏನು, ಅವನ ಮಗ್ಗುಲಿನಲ್ಲಿ ಅವನು ಬರುತ್ತಾನೆ, ನನ್ನ ಮಗ್ಗುಲಿನಲ್ಲಿ ನಾನು ಹೋಗುತ್ತೇನೆ ಅಂದುಕೊಂಡೆ’ ಎಂದು ಕೋರ್ಟಿನಲ್ಲಿ ಹೇಳಿದ. ಬಿಳಲಿನ ಮರೆಯಿಂದ ಲಾರಿ ಎದುರಿಗೇ ಬಂತು. ಬ್ರೇಕು ತುಳಿದ ಏಟಿಗೆ ದಿಮ್ಮಿಗಳು ಮುಂದಕ್ಕೆ ಸರಿದವು. ಅವ್ವನ ಮುಂಗೈ ಸರಪಳಿಗೆ ಸಿಕ್ಕಿ ಮುರಿಯಿತು. ಅಪ್ಪ ಅವಳ ತೊಡೆಯಿಂದ ಚಿಮ್ಮಿ ಕ್ಯಾಬಿನ್ನಿನ ಕಬ್ಬಿಣದ ಪಟ್ಟಿಗೆ ತಲೆ ಕೊಟ್ಟು ಬಿದ್ದ.

ಕೂಸಿಗೆ ಏನೂ ಆಗಲಿಲ್ಲ. ಅದರ ತಾಯಿಗೆ ಗಾಜು ಚುಚ್ಚಿ ಎರಡೂ ಕಣ್ಣು ಹೋದವು. ಅವಳನ್ನು ಕೋರ್ಟಿಗೆ ಕೈಹಿಡಿದು ಕರೆತಂದಿದ್ದರು. ಮ್ಯಾಜಿಸ್ಟ್ರೇಟರು ಕೇಳಿದ ಪ್ರಶ್ನೆಗಳಿಗೆಲ್ಲ ಅವಳು ಗೋಡೆಯ ಕಡೆ ಮುಖ ಮಾಡಿ ಉತ್ತರ ಹೇಳುತ್ತಿದ್ದಳು. ಯಾರೂ ಅವಳನ್ನು ತಿರುಗಿಸಿ ನಿಲ್ಲಿಸಲಿಲ್ಲ. ಕೂಸು ಈಗ ಯಾರ ಹಾಗಿದೆ ಎಂದು ಹೊರಗಡೆ ಬೆಂಚಿನ ಮೇಲೆ ಕೂತು ಬಂದವರನ್ನೆಲ್ಲ ಕೇಳುತ್ತಿದ್ದಳು. ಅವ್ವನನ್ನೂ ಕೇಳಿದಳು, ಯಾರೆಂದು ತಿಳಿಯದೆ. ಅವ್ವ ‘ನಿನ್ನಂಗೇ ಅದೆ ಕಣವ್ವ’ ಎಂದು ಎದ್ದು ಬಂದಳು.

ಈ ನಡುವೆ ಇಲ್ಲಿನ ಸುದ್ದಿ ಎರಡು ಮಾತು. ಸ್ಕೂಲಿನಲ್ಲಿ ನನ್ನನ್ನು ಖಾಯಂ ಮಾಡಿದ್ದಾರೆ. ಹುಡುಗರ ಎದುರು ನಿಂತು ಮಾತಾಡುವುದಕ್ಕಿಂತ ಬೋರ್ಡಿನ ಮೇಲೆ ಬರೆಯುವುದೇ ಇನ್ನೂ ಹೆಚ್ಚು. ಬಿ.ಎ. ಓದಿಸಿದ್ದು ಬೆನ್ನು ತೋರಿಸೋಕಾ ಎಂದು ಅಪ್ಪ ಇದ್ದಿದ್ದರೆ ನಗುತ್ತಿದ್ದ. ಅವ್ವನ ಕೈ ಕೂಡಿಕೊಂಡಿದೆ, ಸ್ವಲ್ಪ ಸೊಟ್ಟಗೆ. ಮುದ್ದೆ ಕಟ್ಟುವಾಗ ನೋವು ತೋರಿಸುವುದಿಲ್ಲ.

ಇನ್ನು ತಪ್ಪಿನ ವಿಷಯ. ನಿಂಗಯ್ಯನನ್ನು ಸಬ್‌ಜೈಲಿನಲ್ಲಿ ನೋಡಲು ಹೋದಾಗ, ಯಾಕೆ ಆ ಮಗ್ಗುಲಿಗೆ ಹೋದೆ ಎಂದು ನಾನು ಕೇಳಲೇ ಇಲ್ಲ. ಅವನೇ ಹೇಳಿದ.

“ನಾನು ಮರ್ತಿದ್ದೆ ಕಣ್ ಗುರು. ದಿನಾ ಓಗೋ ಮಗ್ಗುಲ್ಗೇ ತಿರುಗಿಸ್ತಿದ್ದೆ. ಅವ್ವ ಟಾಪ್ ಮ್ಯಾಲೆ ಬಡುದ್ಲು. ‘ನಿಂಗ, ಎಣ ಅದೆ ಕಣ್ಲಾ, ಅಮ್ಮನ್ನ ಎಡಕ್ಕೆ ಬುಡು’ ಅಂದ್ಲು. ಬುಟ್ಟೆ.”

ಇದನ್ನೇ ಕೋರ್ಟಿನಲ್ಲಿ ಹೇಳುವುದೆಂದು ವಕೀಲರೂ ತೀರ್ಮಾನಿಸಿದರು. ಹೆಣವಿತ್ತು, ಹೆಣಕ್ಕೆ ಈ ಸೀಮೆಯಲ್ಲಿ ಹೀಗೊಂದು ಪದ್ಧತಿ ಇದೆ, ಹಾಗಾಗಿ ಮಗ್ಗುಲು ಬದಲಾಯಿತೇ ಹೊರತು ಪೋಕರಿತನದಿಂದಲ್ಲ ಎಂದು ನಿಂಗಯ್ಯನಿಂದ ಹೇಳಿಕೆಯನ್ನೂ ಕೊಡಿಸಿದರು. ಇದನ್ನು ನಾಲ್ಕು ಜನ ಹಳಬರು ಸಾಕ್ಷಿ ಹೇಳಿದರೆ ಶಿಕ್ಷೆ ಹಗುರಾಗುತ್ತದೆ ಎಂದರು. ಅವ್ವನೂ ಸಾಕ್ಷಿ ಹೇಳುವುದೆಂದು ಆಯಿತು.

ಆದರೆ ಮೊದಲು ಕಟಕಟೆ ಹತ್ತಿದವನು ತಿಮ್ಮಯ್ಯ. ಕಾಡಿನಲ್ಲಿ ಆಳು ಸತ್ತರೆ ವಿಚಾರಣೆ, ಜಂಗಲ್ ಇಲಾಖೆಯವರ ಕಾಟ, ಲೈಸೆನ್ಸಿಗೆ ಸಂಚಕಾರ. ರಸ್ತೆಯಲ್ಲಿ ಸತ್ತರೆ ಡ್ರೈವರಿನ ತಲೆಗೆ. ಅದಕ್ಕೇ ಅವನು, ಕಾಡಿನಲ್ಲಿ ಯಾರೂ ಸತ್ತೇ ಇಲ್ಲ, ಅಪ್ಪನಿಗೆ ಸಣ್ಣ ಏಟು ಬಿದ್ದಿತ್ತು, ಹಟ ಮಾಡಿ ಲಾರಿ ಹತ್ತಿಕೊಂಡು ಹೋದ ಎಂದುಬಿಟ್ಟ. ಕೈಮುಗಿದುಕೊಂಡು, ದನಿ ಒದ್ದೆ ಮಾಡಿಕೊಂಡು, “ಮಾತಾಡ್ಕಂಡೇ ಲಾರಿ ಅತ್ತುದ ಸಾಮಿ. ನನ್ನತ್ರ ಬೀಡಿ ಇಸ್ಕಂಡ” ಎಂದ.

ಅಣ್ಣ, ಅಪ್ಪ ಬೀಡಿ ಸೇದುತ್ತಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ಅವ್ವ ಅದನ್ನು ಕೇಳಿಸಿಕೊಂಡು ಎದ್ದು ನಿಂತಳು. ಪೊಲೀಸಿನವನು ಕೂರಿಸಿದ. ಸುಳ್ಳ, ಮೂಳೆ ಕೊಳೆತು ಹೋಗಲಿ ಅವನದು ಎಂದು ನನ್ನ ಕಿವಿಯಲ್ಲಿ ಹೇಳಿದಳು. ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಡಾಕ್ಟರು ಬಂದರು. ಹೆಣ ಕೊಯ್ದು ನೋಡಿದ ಸರ್ಕಾರಿ ಡಾಕ್ಟರು, ಬೆಂಗಳೂರಿನ ಕಡೆಯವರು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಎದೆಯ ಏಟಿನ ಬಗ್ಗೆ ಹೇಳಿ, ತಲೆಯ ಏಟಿಗೆ ಬಂದರು. ಆ ಗಾಯದಿಂದ ರಕ್ತ ಹರಿದು ಕಂಬಳಿಯೆಲ್ಲ ನೆನೆದಿತ್ತು, ಒಳಗಡೆಯೂ ಹೆಪ್ಪುಗಟ್ಟಿತ್ತು. ಬೆಳಿಗ್ಗೆ ಸತ್ತವನ ಮೈಯಿಂದ ಸಂಜೆ ಹೀಗೆ ರಕ್ತ ಹರಿಯುವುದಿಲ್ಲ. ಕಬ್ಬಿಣದ ಪಟ್ಟಿಗೆ ಬಡಿದಾಗ ಈ ಮನುಷ್ಯ ಬದುಕಿದ್ದ, ಸತ್ತದ್ದು ಆ ಏಟಿನಿಂದಲೇ ಎಂದರು. ಮ್ಯಾಜಿಸ್ಟ್ರೇಟರು ಬರೆದುಕೊಳ್ಳುವುದನ್ನು ನಿಲ್ಲಿಸಿ ಇನ್ನೊಮ್ಮೆ ಕೇಳಿದರು. ಡಾಕ್ಟರು ಅದನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಿದರು.

ಅವ್ವ ನನ್ನ ತೋಳು ಹಿಡಿದು ಏನಂತೆ ಎಂದು ಕೇಳಿದಳು. ಏಟಿನ ವಿವರ ಹೇಳುತ್ತಿದ್ದಾರೆ ಎಂದೆ.

ಅಂದರೆ ತಿಮ್ಮಯ್ಯ ಹೇಳಿದ ಸುಳ್ಳು ನಿಜವಾಯಿತು. ನಿಂಗಯ್ಯ ಹೇಳಿದ ನಿಜ ಸುಳ್ಳಾಯಿತು. ಹೆಣವೇ ಇಲ್ಲದ ಮೇಲೆ ಹೆಣದ ಪದ್ಧತಿ ಎಲ್ಲಿಂದ ಬಂತು? ಸರ್ಕಾರಿ ವಕೀಲರು ಇಂಗ್ಲಿಷಿನಲ್ಲೇ ಅದನ್ನು ಹೇಳಿ ಕೂತುಕೊಂಡರು, ಕೆಲವರು ನಕ್ಕರು. ಅವನ ಕಡೆಯವರು ಅರ್ಥ ಹೇಳಿದಾಗ ತಿಮ್ಮಯ್ಯನಿಗೇ ಆಶ್ಚರ್ಯವಾಗಿ ಬಾಯಿ ತೆರೆದುಕೊಂಡು ನಿಂತಿದ್ದ. ಹೊರಗೆ ಬಂದು ಎಲೆಯಡಿಕೆ ಹಾಕಿಕೊಳ್ಳುತ್ತ ತನ್ನ ಕಡೆಯವರಿಗೆ, “ನಾನ್ ಸುಳ್ಳ್ ಏಳಕ್ಕೋದ್ರೂ ದ್ಯಾವ್ರು ಬುಡಾಕಿಲ್ಲ ಕಣ್ರಲಾ, ನಿಜ ಮಾಡಿ ಮಡಗ್ತಾನೆ” ಎಂದ. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕಂಬದ ಹಿಂದೆ ನಿಂತಿದ್ದೆ.

ಮರುದಿನ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ಕಂಡೆ. ಬೆಳಿಗ್ಗೆಯೇ ತಂದಿದ್ದರೆ ಬದುಕುತ್ತಿದ್ದನೇ ಎಂದು ಕೇಳಿದೆ. ಕೈ ತೊಳೆದುಕೊಳ್ಳುತ್ತಾ, ಹೇಳಲಾಗದು, ತಂದಿದ್ದರೆ ನೋಡಬಹುದಿತ್ತು ಎಂದರು. ಲಾರಿ ಹೇಗಿದ್ದರೂ ಆಸ್ಪತ್ರೆಯ ಮುಂದೆಯೇ ಹಾದು ಹೋಗಬೇಕಿತ್ತಲ್ಲ ಎಂದು ಅವರೇ ಸೇರಿಸಿದರು. ಒಳ್ಳೆಯ ಮನುಷ್ಯ, ಬೇಕೆಂದು ನೋಯಿಸಲು ಹೇಳಿದ್ದಲ್ಲ.

ನಿಂಗಯ್ಯನಿಗೆ ವಕೀಲರು ವಿಷಯ ತಿಳಿಸಿದ್ದರು. ನಾನು ಹೋದಾಗ ಅವನು ಸಬ್‌ಜೈಲಿನ ಕಿಟಕಿಯ ಸರಳು ಹಿಡಿದು ನಿಂತಿದ್ದ. ಅವ್ವನಿಗೆ ಗೊತ್ತೇ ಎಂದು ಕೇಳಿದ. ಇಲ್ಲ ಎಂದೆ.

“ಅವ್ವನ್ನ ಕಟಕಟೆ ಅತ್ತಿಸ್ಬ್ಯಾಡಿ ಗುರು. ಎಡಕ್ಕೆ ಬುಡು ಅಂದೋರು ಯಾರು ಅಂತಾರೆ. ಆಮೇಲೆ, ಎಣ ಅಂತ ನಿಂಗೆಂಗೆ ಗೊತ್ತಾಯ್ತು, ತೊಡೆ ಮ್ಯಾಲೇ ಇತ್ತಲ್ಲ ಅಂತಾರೆ. ಆ ಮಾತ ಅವಳ್ನ ಯಾರೂ ಕೇಳ್‌ಕೂಡ್ದು. ನಾನು ತೂಕಡಿಸ್ಬುಟ್ಟೆ ಅಂತೀನಿ ಬುಡು.”

ವಕೀಲರು ಬೈದರು. ಅವನು ಕೇಳಲಿಲ್ಲ. ಕೋರ್ಟಿನಲ್ಲಿ ಹಿಂದಿನ ಹೇಳಿಕೆಯೆಲ್ಲ ತಪ್ಪು, ಹೆಣವೂ ಇಲ್ಲ ಪದ್ಧತಿಯೂ ಇಲ್ಲ, ನಿದ್ದೆ ಹತ್ತಿ ಲಾರಿ ಆ ಮಗ್ಗುಲಿಗೆ ಹೋಯಿತು ಎಂದ. ಮ್ಯಾಜಿಸ್ಟ್ರೇಟರು, ಮೊದಲು ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೂ ಸೇರಿಸಿ ನಾಲ್ಕು ಕಟುವಾದ ಮಾತು ಆಡಿ, ಒಂದೂವರೆ ವರ್ಷ ಕಠಿಣ ಸಜೆ ಕೊಟ್ಟರು. ಕಾರಿನವರದು ತಪ್ಪಿಲ್ಲವೆಂದು ಆಯಿತು. ಚನ್ನಬಸವಣ್ಣ ತಂಗಿಯ ಕೈಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದ. ತಪ್ಪಿಲ್ಲದವನ ಮುಖ ಹಾಗಿರುತ್ತದೆ ಎಂದು ನಾನು ತಿಳಿದಿರಲಿಲ್ಲ.

ನಿಂಗಯ್ಯ ಹೇಳಿದ್ದು ಕನ್ನಡದಲ್ಲಿ. ಅದು ಅವ್ವನಿಗೆ ಚೆನ್ನಾಗಿ ತಿಳಿಯಿತು. ಗಂಡನ ಹೆಣ ಹೊತ್ತು ತಂದವನು, ಹೆಣವೇ ಇರಲಿಲ್ಲ ಎಂದುಬಿಟ್ಟ. ಕೈಗೆ ಬೇಡಿ ಹಾಕಿ ಅವನನ್ನು ಕರೆದುಕೊಂಡು ಹೋಗುವಾಗ ಅವಳು ಅಂಗಳದ ಮಣ್ಣು ಬಾಚಿಕೊಂಡು ಅವನ ಮುಖಕ್ಕೆ ಎರಚಿದಳು. “ನನ್ ಮಕ್ಳ ಜೊತೆ ಉಂಡ್ ಬೆಳ್ದೋನು ಕಣ್ಲಾ ನೀನು. ಯಾರ್ ಮುಂದೆ ಬೇಕಾದ್ರೂ ಸುಳ್ಳಾಡ್ಬೋದಿತ್ತು, ನನ್ ಮುಂದೆ ಆಡ್ದೆಯಲ್ಲ” ಎಂದು ಉಗಿದಳು. ಅವನು ಮುಖ ಒರೆಸಿಕೊಳ್ಳಲಿಲ್ಲ, ಕೈ ಬಿಡುವಿರಲಿಲ್ಲ. ಕಣ್ಣು ಪಿಳುಕಿಸುತ್ತಾ ನನ್ನನ್ನು ನೋಡಿ, ಬೇಡ ಎನ್ನುವಂತೆ ತಲೆ ಆಡಿಸಿದ. ನಾನು ಅವ್ವನನ್ನು ತೋಳು ಹಿಡಿದು ಈಚೆಗೆ ಕರೆದುಕೊಂಡು ಬಂದೆ.

ಈಗ ಇಲ್ಲಿ ಕಾಫಿ ಹೋಟೆಲಿನಲ್ಲಿ, ಸಂತೆಯಲ್ಲಿ, ಎಲ್ಲ ಕಡೆ ಇದೇ ವಾದ. ಲಾರಿಯವನದೇ ತಪ್ಪು ಎನ್ನುವವರು ಹೆಚ್ಚು. ಕಾರು ಇಟ್ಟವರಿಗೆ ಕಣ್ಣು ನೆತ್ತಿಗೆ ಎನ್ನುವವರೂ ಇದ್ದಾರೆ. ತಿಮ್ಮಯ್ಯನ ಹೆಸರು ಯಾರೂ ಎತ್ತುವುದಿಲ್ಲ, ಈ ಸಲ ಅವನಿಗೆ ಮರ ಕಡಿಸಲು ಕಾಡಿನ ಇನ್ನೂ ದೊಡ್ಡ ಕೂಪು ಸಿಕ್ಕಿದೆ. ಡಾಕ್ಟರ ಮಾತು ಹೇಗೋ ಹಬ್ಬಿ ನಮ್ಮ ಸ್ಕೂಲಿನವರೆಗೂ ಬಂತು. ಬೋರ್ಡಿನ ಮೇಲೆ ಬರೆಯುತ್ತಿರುವಾಗ ಹಿಂದಿನ ಸಾಲಿನಿಂದ ಯಾರೋ ‘ಎಲ್ಡ್ ಸಲ ಸತ್ತೋನ್ ಮಗ’ ಎನ್ನುತ್ತಾರೆ. ತಿರುಗಿ ನೋಡಿದರೆ ಎಲ್ಲರೂ ಪುಸ್ತಕ ನೋಡುತ್ತಿರುತ್ತಾರೆ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ, ಅಣ್ಣ. ನೀನೂ ದೊಡ್ಡ ಲಾರಿ ಓಡಿಸುವವನು, ಮಗ್ಗುಲು ತಪ್ಪಿದವನದೇ ತಪ್ಪು ಎನ್ನುತ್ತೀಯೆ, ಸರಿ. ಆದರೆ ಮಗ್ಗುಲು ತಪ್ಪಿಸಿದವರನ್ನು ಹುಡುಕಿಕೊಂಡು ಹೊರಟರೆ ದಾರಿ ನಮ್ಮ ಮನೆಯ ಒಲೆಯ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿಗೆ ನೀನು ಬರಬೇಡ. ತಪ್ಪು ನಿಂಗಯ್ಯನದು ಎಂದೇ ಅವ್ವನ ಎದುರು ಹೇಳು. ಊರಿಗೆ ಬಂದ ದಿನ ಮಾತ್ರ ಅವಳಿಗೆ ತಿಳಿಯದಂತೆ ಮೈಸೂರಿನ ಜೈಲಿಗೆ ಹೋಗಿ ಅವನನ್ನು ಕಂಡು ಬಾ. ನಾನು ಒಮ್ಮೆ ಹೋಗಿದ್ದೆ. ದೇವ ಹೇಗಿದ್ದಾನೆ, ಮರಳಿನಲ್ಲಿ ಗೇರು ಹೇಗೆ ಹಾಕುತ್ತಾನೆ ಎಂದು ಕೇಳಿದ. ಬೇರೇನೂ ಕೇಳಲಿಲ್ಲ.

ಹೊತ್ತು ಇಳಿಯಿತು. ಅವ್ವ ನಿನಗೆ ತನ್ನ ಆಶೀರ್ವಾದ ಬರೆಯಲು ಹೇಳಿದ್ದಾಳೆ. ಮಾಸ್ತಮ್ಮ ನಿನ್ನನ್ನು ತನ್ನ ಬಲಗಡೆಯಲ್ಲೇ ಇಟ್ಟು ಕಾಯಲಿ ಎಂದು ಅವಳದೇ ಮಾತು. ಈ ಕಾಗದವನ್ನು ಓದಿ ಸುಟ್ಟುಬಿಡು.

ನಿನ್ನ ಪ್ರೀತಿಯ ತಮ್ಮ,
ಗುರುಸ್ವಾಮಿ

ತಾ.ಕ. — ಇದನ್ನು ಬರೆಯದೆ ಲಕೋಟೆ ಮುಚ್ಚಿದ್ದೆ. ಮತ್ತೆ ಬಿಡಿಸಿದೆ. ಹೋದ ವಾರ ಅವ್ವ ರಾಗಿ ಬೀಸುತ್ತಿದ್ದವಳು ಗೂಟ ಹಿಡಿದುಕೊಂಡೇ ನಿಲ್ಲಿಸಿ ನನ್ನನ್ನು ಕೇಳಿದಳು. “ಗುರು, ನೀನು ಓದಿದೋನು. ಆವತ್ತು ಆಲದ್ ಮರ ಬರಕ್ ಮುಂಚೆ ಗದ್ದದ ಬಟ್ಟೆ ಸಡ್ಲ ಮಾಡಿ ನಿಮ್ಮಪ್ಪನ ಬಾಯ್ಗೆ ನೀರ್ ಬುಟ್ಟೆ ಕಣಪ್ಪ. ಕಟವಾಯಿಂದ ಈಚಿಗ್ ಬರ್ಲಿಲ್ಲ. ಸತ್ತೋರ್ಗೆ ನೀರು ಒಳೀಕ್ ಓಯ್ತದಾ?” ಓಯ್ತದೆ ಕಣವ್ವ ಎಂದೆ. ಅವಳು ನನ್ನನ್ನು ನೋಡಲಿಲ್ಲ. “ನಿಂಗೇನ್ ಗೊತ್ತು, ಎಣ ಮುಟ್ಟಿದೋನಲ್ಲ. ದೇವ ಲಡಾಯಿಲಿ ದಿನಾ ನೋಡ್ತಾನೆ. ಅವನ್ಗೆ ಬರ್ದು ಕೇಳು” ಎಂದು ಮತ್ತೆ ಬೀಸಲು ಶುರು ಮಾಡಿದಳು. ಕಲ್ಲಿನಲ್ಲಿ ರಾಗಿ ಇರಲಿಲ್ಲ.

ನಿನ್ನ ಜವಾಬಿಗೆ ಕಾಯುತ್ತಿದ್ದಾಳೆ. ಈಚೆಗೆ ನಾನು ಓದಿ ಹೇಳಿದ್ದನ್ನು ನಂಬುವುದಿಲ್ಲ, ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಪೋಸ್ಟ್ ಮಾಸ್ಟರ ಕೈಲಿ ಇನ್ನೊಮ್ಮೆ ಓದಿಸುತ್ತಾಳೆ. ಅದಕ್ಕೇ ಅವಳ ಹೆಸರಿಗೆ ಬೇರೆ ಕಾಗದ ಬರೆ. ನೀನು ಅಲ್ಲಿ ಏನನ್ನೇ ಕಂಡಿರು, ಸತ್ತವರಿಗೂ ನೀರು ಒಳಗೆ ಹೋಗುತ್ತದೆ ಎಂದು ಬರೆ. ದಪ್ಪ ಅಕ್ಷರದಲ್ಲಿ ಬರೆ, ಪೋಸ್ಟ್ ಮಾಸ್ಟರಿಗೆ ಕಣ್ಣು ಮಂಜು. ಅವರು ಆ ಮಾತಿನ ಹತ್ತಿರ ತಡವರಿಸಬಾರದು.